ಬರಿಗಾಲ ಹಾವಾಡಿಗ ಅಹ್ಮದ್ ಖಾನರು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕೇಳದವರಾರು? ಆದರೆ 1915ರಲ್ಲಿ ಕಿಕ್ಕೇರಿಯಲ್ಲಿ ಜನಿಸಿದ ಕವಿ ಕೆ. ಎಸ್. ನರಸಿಂಹಸ್ವಾಮಿಯವರ ವಿಷಯದಲ್ಲಿ ಈ ಗಾದೆಯು ಸುಳ್ಳಾಯಿತು. ಅವರ ‘ಮೈಸೂರ ಮಲ್ಲಿಗೆ’ಯು ತವರುನಾಡಿನ ಮನೆಮನೆಯಲ್ಲಿಯೂ ಪರಿಮಳಿಸಿತು. ಅದೇ ಮೈಸೂರು ಸಂಸ್ಥಾನದ ಮತ್ತೊಬ್ಬ ಕೀರ್ತಿಶಾಲಿಯ ವಿಷಯದಲ್ಲಾದರೋ ಗಾದೆಯೇ ಗೆದ್ದಿತು. ಅವರೇ ಕಾಲ್ಚೆಂಡಿನ ಆಟಗಾರರಾದ ಅಹ್ಮದ್ ಖಾನರು.

1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಖಾನರು ಮುಂಚೂಣಿಯ ಎಡಭಾಗದಲ್ಲಿ ನಿಂತು ಆಡುತ್ತಿದ್ದರು. ಆ ಕಾಲದ ನಮ್ಮ ಆಟಗಾರರಲ್ಲಿ ಬಹುಮಂದಿ ಪಾದರಕ್ಷೆಯಿಲ್ಲದೆಯೇ ಆಡುತ್ತಿದ್ದರಷ್ಟೆ. ಚೆಂಡು ಖಾನರ ಬರಿಗಾಲಿಗೆ ದೊರೆತೊಡನೆ ಪುಂಗಿಯ ನಾದಕ್ಕೆ ಮಣಿದ ಸರ್ಪದಂತೆ ಅವರು ಹೇಳಿದಂತೆ ಕೇಳುತ್ತಿದ್ದಿತು. ಆದುದರಿಂದಲೇ ಜನರು ಅವರನ್ನು ‘ಹಾವಾಡಿಗ’ನೆಂದು ಕರೆದರು.

1948ರಲ್ಲಿ ಅವರು ಲಂಡನ್ನಿನ ಒಲಿಂಪಿಕ್ ಪಂದ್ಯಕ್ಕೆ ಹೋದರು. ಫ್ರಾನ್ಸ್ ದೇಶದವರೆದುರು ನಮ್ಮವರು 1–2ರಿಂದ ಸೋತರು. ದೊರೆತ ಎರಡು ಪೆನಾಲ್ಟಿ ಹೊಡೆತಗಳೂ ವ್ಯರ್ಥವಾಗದಿದ್ದರೆ ಫಲವು ಬೇರೆಯಾಗುತ್ತಿದ್ದಿತು. 1949ರಲ್ಲಿ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್ ಎಂಬ ಐವರು ದಕ್ಷಿಣದೇಶೀಯರನ್ನು ವಂಗೀಯರು ‘ಪಂಚಪಾಂಡವ’ರೆಂದರು. ಪಾಂಡವರ ಹೆಸರನ್ನೇ ಹೊತ್ತ ಊರುಳ್ಳ ನಮ್ಮ ಸೀಮೆಯವರಿಗೆ ಈ ಬಿರುದಿನ ಹಿರಿಮೆಯನ್ನು ವಿವರಿಸಬೇಕಾಗಿಲ್ಲ. 1949, 1950, 1951, ಹೀಗೆ ಮೂರು ವರ್ಷ ಎಡೆಬಿಡದೆ ಐ. ಎಫ್. ಎ. ಷೀಲ್ಡ್ ಆ ತಂಡದ ವಶವಾಯಿತು.

ಈ ಜನಪ್ರಿಯತೆಗೆ ಆಟದ ಚಾತುರ್ಯವೊಂದೇ ಕಾರಣವೆಂದು ನಾವು ಭಾವಿಸುವುದಿಲ್ಲ. 1947ರ ದೇಶವಿಭಜನೆಯಲ್ಲಿ ಮನೆಮಠಗಳನ್ನು ತೊರೆದು ಪೂರ್ವವಂಗದಿಂದ ಬಂದ ನಿರಾಶ್ರಿತರಿಗೆ, ತಮ್ಮ ನಾಡಿನ ಹೆಸರನ್ನುಳಿಸಿಕೊಂಡಿದ್ದ ಆ ತಂಡವೇ ಒಂದು ಆಸರೆಯಾಗಿದ್ದಿತು. ಊರನ್ನು ಕಳೆದುಕೊಂಡವರ ಮುಖದಲ್ಲಿ, ಕನ್ನಡನಾಡಿನಿಂದ ಹೋದ ಒಬ್ಬ ಮುಸಲ್ಮಾನ ತರುಣನು ಸಂತೋಷವನ್ನು ತಂದನು. ಇದಕ್ಕಿಂತ ಹಿರಿದಾದ ಗೆಲುವು ಯಾವುದು?

1951ರಲ್ಲಿ ದೆಹಲಿಯ ಪ್ರಥಮ ಏಷ್ಯಾ ಕ್ರೀಡಾಕೂಟದಲ್ಲಿ ಇರಾನನ್ನು 1–0ಯಿಂದ ಸೋಲಿಸಿ ಚಿನ್ನವನ್ನು ಪಡೆದ ತಂಡದಲ್ಲಿಯೂ ಖಾನರಿದ್ದರು. ಮರುವರ್ಷ ಹೆಲ್ಸಿಂಕಿಯಲ್ಲಿ ವಿಧಿಯು ಮುನಿಯಿತು. ಚಳಿಯ ನೆಲದಲ್ಲಿ ಯುಗೋಸ್ಲಾವಿಯದವರು ಹತ್ತು ಗೋಲು ಹೊಡೆದರು; ನಮ್ಮ ಕಡೆಯ ಒಂದೇ ಒಂದು ಗೋಲು ಅಹ್ಮದ್ ಖಾನರದು. ಸೋಲು ನಿಶ್ಚಯವಾದ ಮೇಲೆಯೂ ಕೈಚೆಲ್ಲದವನೇ ನಿಜವಾದ ಆಟಗಾರನು. ಆ ಸೋಲಿನ ತರುವಾಯವೇ ನಮ್ಮ ದೇಶದಲ್ಲಿ ಬೂಟು ಧರಿಸಿ ಆಡಬೇಕೆಂಬ ನಿಯಮವು ಬಂದಿತು.

ಹತ್ತು ವರ್ಷ ಒಂದೇ ತಂಡಕ್ಕೆ ದುಡಿದು, 1959ರಲ್ಲಿ ಅದನ್ನು ಬಿಟ್ಟ ಖಾನರು 2017ರಲ್ಲಿ ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. ಕಲ್ಕತ್ತೆಯು ಅವರನ್ನು ಮರೆಯಲಿಲ್ಲ. ಹುಟ್ಟಿದ ನಾಡಿನಲ್ಲಿ ಬಲ್ಲವರು ಕೆಲವರೇ.

2023ರಲ್ಲಿ ಕರ್ನಾಟಕದ ತಂಡವು ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಗೆದ್ದು ತಂದಿತು. ಕೆರೆಯಂಗಳದಲ್ಲಿ ಚೆಂಡೊದೆಯುವ ನಮ್ಮ ಬಾಲಕರು ದೂರದೇಶದ ಆಟಗಾರರ ಹೆಸರುಗಳನ್ನು ಬಾಯಿಪಾಠ ಒಪ್ಪಿಸುವರು, ಅದು ತಪ್ಪಲ್ಲ. ಆ ಹೆಸರುಗಳ ಸಾಲಿನಲ್ಲಿ ಬೆಂಗಳೂರಿನ ಈ ಬರಿಗಾಲ ವೀರನ ಹೆಸರನ್ನೂ ಸೇರಿಸಿಕೊಡುವುದು ಮನೆಯ ಹಿರಿಯರ ಕೆಲಸ.