ನಾಯಕತನ: ಅಧಿಕಾರದ ಹಂಚಿಕೆ ಮತ್ತು ಸಂತೇಬೆನ್ನೂರಿನ ನೆನಪು

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ನೀರಿನ ನಡುವೆ ವಸಂತಮಂಟಪವುಳ್ಳ ಪುಷ್ಕರಣಿಯೊಂದಿದೆ. ಹದಿನಾರನೆಯ ಶತಮಾನದ ಈ ಹೊಂಡವನ್ನು ಕಟ್ಟಿಸಿದವನು ಕೆಂಗ ಹನುಮಪ್ಪನಾಯಕನೆಂಬುದು ಪ್ರಸಿದ್ಧ. ಈತ ಸ್ವತಂತ್ರ ಅರಸನಲ್ಲ. ವಿಜಯನಗರದ ಅಧೀನದಲ್ಲಿ ಈ ಸೀಮೆಯನ್ನು ಆಳಿದ ನಾಯಕ. ಆದರೂ ಹೊಂಡದೊಂದಿಗೆ ಉಳಿದಿರುವುದು ನಾಯಕನ ಹೆಸರೇ ಹೊರತು ಅವನ ಮೇಲಿದ್ದ ರಾಯನ ಹೆಸರಲ್ಲ. ಅಧಿಕಾರವನ್ನು ವಹಿಸಿಕೊಡುವಾಗ ಅರಸನು ಕೊಡುತ್ತಿದ್ದುದೇನು, ತನ್ನಲ್ಲಿ ಉಳಿಸಿಕೊಳ್ಳುತ್ತಿದ್ದುದೇನು ಎಂಬ ಪ್ರಶ್ನೆಯನ್ನು ಈ ಸಂಗತಿ ಮುಂದಿಡುತ್ತದೆ.

ವಿಜಯನಗರದ ಅರಸರು ತಮ್ಮ ಅಧಿಕಾರವನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಹಂಚುತ್ತಿದ್ದರು. ಆಯಕಟ್ಟಿನ ರಾಜ್ಯಗಳಿಗೆ ರಾಜಕುಮಾರರನ್ನೋ ನಂಬಿಕೆಯ ದಂಡನಾಯಕರನ್ನೋ ಪ್ರತಿನಿಧಿಗಳಾಗಿ ಕಳುಹಿಸುವುದು ಒಂದು ಬಗೆ. ಸೇನೆಯನ್ನು ಸಾಕುವ ಕರಾರಿನ ಮೇಲೆ ಸೀಮೆಯೊಂದರ ಉತ್ಪನ್ನವನ್ನು ಬಿಟ್ಟುಕೊಡುವುದು ಇನ್ನೊಂದು. ಈ ಎರಡನೆಯದನ್ನೇ ಶಾಸನಗಳು ‘ನಾಯಕತನ’ವೆಂದೂ ‘ಅಮರಮಾಗಣಿ’ಯೆಂದೂ ಕರೆಯುತ್ತವೆ. ತೆರಿಗೆ ಎತ್ತುವುದು, ಕೋಟೆಕೊತ್ತಲಗಳನ್ನು ಕಾಯುವುದು, ನ್ಯಾಯ ತೀರ್ಮಾನ ಮಾಡುವುದು, ಕೆರೆಕಟ್ಟೆಗಳನ್ನು ಕಟ್ಟಿಸುವುದು, ದತ್ತಿ ಬಿಡುವುದು ಇವೆಲ್ಲ ನಾಯಕನ ಕೈಗೆ ಬರುತ್ತಿದ್ದವು.

ಆದರೆ ಒಡೆತನ ಮಾತ್ರ ರಾಯನದಾಗಿಯೇ ಉಳಿಯುತ್ತಿತ್ತು. 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ಲೇಖಕ ಫೆರ್ನಾವೊ ನೂನಿಜ್, ನೆಲವೆಲ್ಲವೂ ಅರಸನದು, ನಾಯಕರು ಅದನ್ನು ಅವನಿಂದ ಪಡೆದವರು ಎನ್ನುತ್ತಾನೆ. ಅವನ ಲೆಕ್ಕದಂತೆ ನಾಯಕರ ಸಂಖ್ಯೆ 200ಕ್ಕಿಂತ ಹೆಚ್ಚು. ಒಟ್ಟು 120 ಲಕ್ಷ ವರಹಗಳ ಉತ್ಪನ್ನದಲ್ಲಿ 60 ಲಕ್ಷ ಅರಮನೆಗೆ ಸಲ್ಲಬೇಕಿತ್ತು. ಮಹಾನವಮಿಯ ದಿನಗಳು ಈ ಲೆಕ್ಕ ಒಪ್ಪಿಸುವ ಕಾಲವೂ ಆಗಿದ್ದವು. ಹಬ್ಬವೆಂಬುದು ಇಲ್ಲಿ ಕೇವಲ ಆಚರಣೆಯಲ್ಲ. ಅಧೀನತೆಯನ್ನು ವರ್ಷಕ್ಕೊಮ್ಮೆ ಎಲ್ಲರೆದುರು ನವೀಕರಿಸುವ ವಿಧಿ.

ಶಾಸನಗಳ ಒಕ್ಕಣೆಯಲ್ಲಿಯೂ ಇದೇ ವಿವೇಚನೆ ಕಾಣುತ್ತದೆ. ಮೊದಲು ಆಳುವ ರಾಯನ ಬಿರುದಾವಳಿ, ಆಮೇಲೆ ನಾಯಕನ ಹೆಸರು, ಅದರ ಬಳಿಕ ದತ್ತಿಯ ವಿವರ ಬರುತ್ತದೆ. ಅನೇಕ ಕಡೆ ದಾನ ಕೊಡುವವನು ನಾಯಕನೇ ಆದರೂ ಅದರ ಪುಣ್ಯ ರಾಯರಿಗೆ ಸಲ್ಲಲೆಂಬ ಮಾತಿರುತ್ತದೆ. ಕೊಡುವ ಕೈಯನ್ನು ವಹಿಸಿಕೊಟ್ಟ ಅರಸನು ಪುಣ್ಯವನ್ನು ವಹಿಸಿಕೊಡಲಿಲ್ಲ.

ಇಂಥ ಏರ್ಪಾಡು ನಿಂತಿದ್ದುದು ಕೇಂದ್ರದ ಬಲದ ಮೇಲೆ. 1565ರ ರಕ್ಕಸತಂಗಡಿ ಯುದ್ಧದ ನಂತರ ಲೆಕ್ಕ ಕೇಳುವ ಕೈ ಸೋತಿತು. ನೆರೆಯ ಚಿತ್ರದುರ್ಗದಲ್ಲಿಯೂ ಕೆಳದಿಯಲ್ಲಿಯೂ ನಾಯಕತನವು ವಂಶದ ಆಸ್ತಿಯಾಗಿ, ಮುಂದೆ ರಾಜ್ಯವೇ ಆಯಿತು. ನೇರ ಪ್ರತಿನಿಧಿತ್ವವೂ ಉಳಿಯಲಿಲ್ಲ: ಶ್ರೀರಂಗಪಟ್ಟಣದಲ್ಲಿದ್ದ ರಾಜಪ್ರತಿನಿಧಿ ತಿರುಮಲನ ಸ್ಥಾನವು 1610ರಲ್ಲಿ ಮೈಸೂರಿನ ರಾಜ ಒಡೆಯರ ವಶವಾಯಿತು.

ಸಂತೇಬೆನ್ನೂರಿನ ಪಾಡು ಬೇರೆ. 1637-38ರ ವೇಳೆಗೆ ರಣದುಲ್ಲಾಖಾನನ ನೇತೃತ್ವದ ಬಿಜಾಪುರದ ಸೇನೆ ಈ ಭಾಗಕ್ಕೆ ನುಗ್ಗಿತು. ನಾಯಕ ವಂಶದವರು ಮುಂದೆ ತರೀಕೆರೆಯಲ್ಲಿ ನೆಲೆಯೂರಿದರು. ಹೊಂಡದ ಬದಿಯಲ್ಲಿರುವ ಮುಸಾಫಿರ್‌ಖಾನೆ ಬಿಜಾಪುರದ ಆಡಳಿತಕಾಲದ ಕುರುಹು. ರಾಯರ ಹೆಸರಿನಲ್ಲಿ ನಾಯಕ ಆಳಿದ ಸೀಮೆಯನ್ನು ಈಗ ಸುಲ್ತಾನರ ಹೆಸರಿನಲ್ಲಿ ಅವರ ಅಧಿಕಾರಿಗಳು ಆಳಿದರು. ಒಡೆಯ ಬದಲಾದನು, ವಹಿಸಿಕೊಟ್ಟು ಆಳುವ ಕ್ರಮ ಬದಲಾಗಲಿಲ್ಲ.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯು ವಹಿಸಿಕೊಟ್ಟ ಅಧಿಕಾರವನ್ನು ಪ್ರಜೆ ಕಂಡ ಬಗೆಯನ್ನು ಹೇಳುತ್ತದೆ. ದೂರದ ಒಡೆಯನ ಕೃಪೆಗಿಂತ ಹತ್ತಿರದ ಅಧಿಕಾರಿಯ ಇಚ್ಛೆಯೇ ಅವನ ಬದುಕನ್ನು ನಿರ್ಧರಿಸುತ್ತಿತ್ತು. ತೆರಿಗೆಯ ಬಿಗಿಯೂ ನಾಯಕನದೇ, ನೀರಿನ ಆಸರೆಯೂ ನಾಯಕನದೇ. ಶಾಸನವು ಪುಣ್ಯವನ್ನು ರಾಯನ ಲೆಕ್ಕಕ್ಕೆ ಬರೆಯಿತು. ಜನರ ನೆನಪು ಅದನ್ನು ಹೊಂಡ ಕಟ್ಟಿಸಿದವನ ಲೆಕ್ಕಕ್ಕೆ ಬರೆದುಕೊಂಡಿತು. ನಾಯಕತನದ ಅಧ್ಯಯನಕ್ಕೆ ಈ ಎರಡು ಲೆಕ್ಕಗಳೂ ಅಗತ್ಯ.