‘ಕಾಲಿಂಗ್ ವಾಚ್’ ಅಂದ್ರೆ ಸಿಮ್ ಇರೋ ವಾಚ್ ಅಲ್ಲ: ದುಡ್ಡು ಕೊಡುವ ಮುನ್ನ ಡಬ್ಬಿ ಓದಿ

ಎರಡು ಸಾವಿರಕ್ಕೆ ಸಿಗುವ ಸ್ಮಾರ್ಟ್‌ವಾಚ್ ಡಬ್ಬಿ ಮೇಲೆ ‘ಬ್ಲೂಟೂತ್ ಕಾಲಿಂಗ್’ ಎಂದಿರುತ್ತದೆ. ಇದನ್ನು ನೋಡಿ, ಮೊಬೈಲ್ ಮನೆಯಲ್ಲೇ ಬಿಟ್ಟು ತೋಟಕ್ಕೆ ಹೋದರೂ ಕಾಲ್ ಬರುತ್ತೆ ಅಂದುಕೊಳ್ಳುವವರಿದ್ದಾರೆ. ಬರಲ್ಲ. ಕಾಲ್ ಬರುವುದು ಮೊಬೈಲ್‌ನ ಸಿಮ್‌ಗೆ. ವಾಚ್ ಬರೀ ಮೈಕು, ಸ್ಪೀಕರ್ ಇದ್ದಂತೆ. ಮೊಬೈಲ್‌ನಿಂದ ಸುಮಾರು 10 ಮೀಟರ್ ದಾಟಿದರೆ ಸಂಪರ್ಕ ತಪ್ಪುತ್ತದೆ. ನಡುವೆ ಗೋಡೆ ಇದ್ದರೆ ಇನ್ನೂ ಬೇಗ.

ಮೊಬೈಲ್ ಇಲ್ಲದೆಯೂ ಕಾಲ್ ಬೇಕೆಂದರೆ ‘ಎಲ್‌ಟಿಇ’ ಅಥವಾ ‘ಸೆಲ್ಯುಲರ್’ ಎಂದು ಬರೆದಿರುವ ವಾಚ್ ಬೇಕು. ಬೆಲೆ ಹಲವು ಪಟ್ಟು ಜಾಸ್ತಿ. ಒಳಗೆ ಇ-ಸಿಮ್ ಇದ್ದು, ಮೊಬೈಲ್ ನಂಬರೇ ವಾಚ್‌ನಲ್ಲೂ ನಡೆಯುತ್ತದೆ. ಜನ ಎಡವುವುದು ಇಲ್ಲೇ. ಮೊಬೈಲ್‌ಗೆ ಇ-ಸಿಮ್ ಕೊಡುವ ಕಂಪನಿ ವಾಚ್‌ಗೂ ಕೊಡುತ್ತದೆ ಎಂದೇನಿಲ್ಲ. ಜಿಯೋ, ಏರ್‌ಟೆಲ್‌ನಲ್ಲಿ ಸೇವೆ ಇದೆ, ಆದರೆ ಎಲ್ಲ ವಾಚ್‌ಗೂ ಅಲ್ಲ. ನಮ್ಮ ಪ್ಲಾನ್‌ಗೆ, ಈ ಮಾಡೆಲ್‌ಗೆ ಸಿಗುತ್ತಾ ಅಂತ ಸಿಮ್ ಕಂಪನಿ ಸ್ಟೋರ್‌ನಲ್ಲಿ ಮೊದಲೇ ಕೇಳಿ. ಆಪಲ್ ವಾಚ್‌ಗಂತೂ ಐಫೋನೇ ಬೇಕು.

ಸಿಮ್ ಹಾಕುವ ಅಗ್ಗದ ವಾಚ್‌ಗಳೂ ಇವೆ. ಅದಕ್ಕೆ ಬೇರೆ ನಂಬರ್, ಬೇರೆ ರೀಚಾರ್ಜ್.

ದಿನವಿಡೀ ಗಲ್ಲಾದಲ್ಲಿ ಕೂರುವ ಅಂಗಡಿಯವರಿಗೆ ಮೊಬೈಲ್ ಪಕ್ಕದಲ್ಲೇ ಇರುತ್ತೆ, ಸೆಲ್ಯುಲರ್ ದಂಡ. ತೋಟದಲ್ಲಿ ಓಡಾಡುವವರಿಗೆ ಉಪಯೋಗ ಉಂಟು, ಅಲ್ಲಿ ಟವರ್ ಸಿಗ್ನಲ್ ಇದ್ದರೆ ಮಾತ್ರ.