ವಿದ್ಯುನ್ಮಂಡಲಗಳ ಮೊದಲ ಪಾಠ

1935ನೆಯ ಇಸವಿ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಪ್ರಸಾರಯಂತ್ರವೊಂದನ್ನು ನಡೆಯಿಸಿ ಆಕಾಶವಾಣಿಗೆ ನಾಂದಿ ಹಾಡಿದರು. ಅಂದಿನ ಯಂತ್ರಗಳ ಶಕ್ತಿ ಅಲ್ಪವಾಗಿದ್ದರೂ ಅವುಗಳ ಗಾಜಿನ ವಾಲ್ವುಗಳಿಗೆ ನೂರಾರು ವೋಲ್ಟುಗಳ ಒತ್ತಡ ಬೇಕಾಗುತ್ತಿತ್ತು. ಒಳಗೆ ಕೈಯಿಡುವವರ ಪ್ರಾಣಕ್ಕೆ ಅದು ಸಂಚಕಾರವೇ. 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ತರುವಾಯ ಈ ಸ್ಥಿತಿ ಕ್ರಮೇಣ ಬದಲಾಯಿತು. ಈಗ ಒಂಬತ್ತು ವೋಲ್ಟುಗಳೊಳಗೇ ಈ ವಿದ್ಯೆಯ ಮೊದಲ ಪಾಠಗಳನ್ನೆಲ್ಲ ಕಲಿಯಬಹುದು. ಹೀಗಿರಲು ಹೊಸಬರು ಗೋಡೆಯ ಪ್ಲಗ್ಗಿನಿಂದ ಆರಂಭಿಸುವುದು ಉಚಿತವಲ್ಲ.

ಆ ಪ್ಲಗ್ಗಿನಲ್ಲಿರುವುದು 230 ವೋಲ್ಟು. ಎದೆಯ ಮೂಲಕ ಹರಿದ ಪ್ರವಾಹವು ಒಂದು ಆಂಪಿಯರಿನ ನೂರರಲ್ಲಿ ಕೆಲವೇ ಪಾಲಾದರೂ ಹೃದಯದ ಗತಿ ಕೆಡಬಹುದು. ಒಣ ಚರ್ಮವು ಪ್ರವಾಹವನ್ನು ಬಹುಮಟ್ಟಿಗೆ ತಡೆಯುತ್ತದೆ. ಒದ್ದೆಯಾದುದಕ್ಕೆ ಆ ಸಾಮರ್ಥ್ಯವಿಲ್ಲ. ಉಡುಪಿಯ ಕಡಿಯಾಳಿಯಂತಹ ಕರಾವಳಿಯ ನೆಲೆಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ನೆಲ ಗೋಡೆಗಳಲ್ಲಿ ತೇವವಿರುತ್ತದೆ. ಬೇಸಗೆಯಲ್ಲಿ ಅಂಗೈ ಬೆವರುತ್ತದೆ. ಆದುದರಿಂದ ಅಲ್ಲಿಯ ಅಭ್ಯಾಸಿಗಳು ಒಣಗಿದ ಮರದ ಮೇಜನ್ನೂ ರಬ್ಬರಿನ ಪಾದರಕ್ಷೆಯನ್ನೂ ಇಟ್ಟುಕೊಳ್ಳುವುದು ಲೇಸು. ಪ್ರವಾಹವು 30 ಮಿಲಿಆಂಪಿಯರಿನಷ್ಟು ಸೋರಿದೊಡನೆ ಸಂಬಂಧ ಕಡಿಯುವ ಸ್ವಿಚ್ಚು ಮನೆಗಿದ್ದರೆ ಮತ್ತೂ ಉತ್ತಮ.

ಇನ್ನು ಮೊದಲ ಪ್ರಯೋಗ. 9 ವೋಲ್ಟಿನ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ ದೀಪ, ಒಂದು ರೆಸಿಸ್ಟರು, ಇಷ್ಟು ಸಾಕು. ದೀಪವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ಪ್ರವಾಹ ಮಿತಿಮೀರಿ ಅದು ಸುಟ್ಟುಹೋದೀತು. ದೀಪವು ತನ್ನ ಪಾಲಿಗೆ ಸುಮಾರು 2 ವೋಲ್ಟನ್ನು ತೆಗೆದುಕೊಳ್ಳುತ್ತದೆ. ಉಳಿದ 7 ವೋಲ್ಟು ರೆಸಿಸ್ಟರಿಗೆ. ನಮಗೆ ಬೇಕಾದ ಪ್ರವಾಹ 10 ಮಿಲಿಆಂಪಿಯರ್, ಅಂದರೆ 0.01 ಆಂಪಿಯರ್. ಓಮನ ನಿಯಮದಂತೆ 7ನ್ನು 0.01ರಿಂದ ಭಾಗಿಸಿದರೆ 700 ಓಮ್ ಬರುತ್ತದೆ. ಅಂಗಡಿಯಲ್ಲಿ ದೊರೆಯುವ 680 ಓಮಿನದನ್ನು ಬಳಸಬಹುದು. ದೀಪ ಹೊತ್ತದಿದ್ದರೆ ಗಾಬರಿ ಬೇಡ. ಅದರ ಉದ್ದನೆಯ ಕಾಲು ಧನಧ್ರುವದ ಕಡೆಗಿದೆಯೇ ಎಂದು ನೋಡಿದರಾಯಿತು.

ಅಭ್ಯಾಸ ಬೆಳೆದಂತೆ ಕೆಟ್ಟ ಚಾರ್ಜರನ್ನು ಬಿಚ್ಚಿ ನೋಡುವ ಕುತೂಹಲ ಹುಟ್ಟುವುದು ಸಹಜ. ಆದರೆ ಪ್ಲಗ್ಗಿನಿಂದ ಕಿತ್ತ ಮಾತ್ರಕ್ಕೆ ಅದು ನಿರ್ಜೀವವಾಯಿತೆಂದು ನಂಬಲಾಗದು. 230 ವೋಲ್ಟಿನ ಅಲೆಯ ಶಿಖರ ಸುಮಾರು 325 ವೋಲ್ಟು. ಒಳಗಣ ಕೆಪಾಸಿಟರು ಅಷ್ಟನ್ನೂ ಕೆಲಕಾಲ ಹಿಡಿದಿಟ್ಟುಕೊಂಡಿರಬಹುದು. ಲಿಥಿಯಂ ಬ್ಯಾಟರಿಯ ಎರಡು ತುದಿಗಳು ತಂತಿಯಿಂದ ಕೂಡಿದರೆ ಬೆಂಕಿ ಏಳಬಹುದು. ಬೆಸುಗೆಯಲ್ಲಿ ಸೀಸವಿದ್ದರೆ ಕೈತೊಳೆಯದೆ ಊಟಕ್ಕೆ ಕುಳಿತುಕೊಳ್ಳಬಾರದು.

ಮೊದಲು ಲೆಕ್ಕ, ಅನಂತರ ಜೋಡಣೆ, ಕಟ್ಟಕಡೆಗೆ ಬ್ಯಾಟರಿ: ಈ ಕ್ರಮವನ್ನು ಎಂದೂ ತಪ್ಪದಿದ್ದರೆ ವಿದ್ಯೆಯೂ ಕೈಗೂಡುತ್ತದೆ, ಕಲಿಯುವವರೂ ಕ್ಷೇಮವಾಗಿರುತ್ತಾರೆ.